ತೆರೆಯಿಂದಿಳಿದು ಮೂಕಜೀವಿಗಳ ಬಳಿಗೆ

ನೇಮಿಕುಮಾರನ ಮದುವೆಯ ದಿಬ್ಬಣ ಹೊರಟದ್ದು, ದಾರಿಯ ಬದಿಯ ದೊಡ್ಡಿಯಲ್ಲಿ ಕೂಡಿಹಾಕಿದ್ದ ಮೃಗಗಳ ಆಕ್ರಂದನ ಆತನ ಕಿವಿಗೆ ಬಿದ್ದದ್ದು, ಅವು ಮದುವೆಯ ಅಡುಗೆಗೆಂದು ತಂದವು ಎಂದು ಸಾರಥಿಯಿಂದ ತಿಳಿದೊಡನೆ ರಥವನ್ನು ಹಿಂದಿರುಗಿಸಿ ಊರ್ಜಯಂತಗಿರಿಯ ಹಾದಿ ಹಿಡಿದದ್ದು – ಈ ಕಥೆಯನ್ನು ಬಸದಿಯ ಪ್ರವಚನಗಳಲ್ಲಿ ಕೇಳದ ಶ್ರಾವಕರಿಲ್ಲ. ಕಂಕಣ ಕಟ್ಟಿದ ವರ ದಿಗಂಬರನಾಗಿ ಗಿರಿಯನ್ನೇರಿದ. ಅವನಿಗಾಗಿ ಕಾದಿದ್ದ ರಾಜೀಮತಿಯೂ ಕೊನೆಗೆ ಅದೇ ದಾರಿಯಲ್ಲಿ ನಡೆದಳು. ಕರ್ಣಪಾರ್ಯನೇ ಮೊದಲಾದ ನಮ್ಮ ಹಳಗನ್ನಡದ ಕವಿಗಳು ಈ ತೀರ್ಥಂಕರನ ಚರಿತೆಗೆ ಮನಸೋತಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ದಾಟಿಹೋಗುವ ಒಂದು ಅಂಶವಿದೆ. ಆ ಕೂಗು ದಿಬ್ಬಣದಲ್ಲಿದ್ದ ಎಲ್ಲರ ಕಿವಿಗೂ ಬಿದ್ದಿರಲೇಬೇಕು. ಮದುವೆಯೆಂದ ಮೇಲೆ ಇಂಥದೆಲ್ಲ ಇರುವುದೇ ಎಂದು ಉಳಿದವರು ಮುಂದೆ ನಡೆದಿರಬೇಕು. ಮನಸ್ಸಿಟ್ಟು ಕೇಳಿದವನು ಒಬ್ಬನೇ. ಹೀಗೆ ಕೇಳಿಸಿಕೊಳ್ಳಲು ಜಿನಧರ್ಮದ ಮನೆಯಲ್ಲಿಯೇ ಹುಟ್ಟಿರಬೇಕೆಂಬ ನಿಯಮವಿಲ್ಲ. ಅನುಕಂಪೆ ಯಾವ ಕುಲದ ಸೊತ್ತೂ ಅಲ್ಲ. 2025ರ ಡಿಸೆಂಬರ್ 28ರಂದು ತಮ್ಮ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ ಫ್ರಾನ್ಸಿನ ಚಿತ್ರತಾರೆ ಬ್ರಿಜಿತ್ ಬಾರ್ದೊ ಅವರನ್ನು ಈ ಅಂಕಣದಲ್ಲಿ ನೆನೆಯಲು ಕಾರಣ ಅದು. ಚಿತ್ರನಟಿಯ ಕಥೆಗೆ ಧರ್ಮದ ಅಂಕಣದಲ್ಲಿ ಏನು ಕೆಲಸವೆಂದು ಹಿರಿಯ ಓದುಗರು ಹುಬ್ಬೇರಿಸಬಹುದು. ಆದಿದೇವನಿಗೆ ವೈರಾಗ್ಯದ ನಿಮಿತ್ತವಾದವಳು ನೀಲಾಂಜನೆಯೆಂಬ ನರ್ತಕಿಯೇ ಅಲ್ಲವೇ?

ಬಾರ್ದೊ ಹುಟ್ಟಿದ್ದು 1934ರ ಸೆಪ್ಟೆಂಬರ್ 28ರಂದು, ಪ್ಯಾರಿಸ್ ನಗರದ ಸಿರಿವಂತ ಮನೆತನದಲ್ಲಿ. ತಂದೆ ಕಾರ್ಖಾನೆಯ ಒಡೆಯರು; ಮನೆಯ ಶಿಸ್ತು ಕಠಿಣ. ಎಳವೆಯಲ್ಲಿ ಬ್ಯಾಲೆ ನೃತ್ಯ ಕಲಿತರು. ಹದಿನೈದರ ಪ್ರಾಯದಲ್ಲಿ ‘ಎಲ್’ ಎಂಬ ಮಹಿಳಾ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಅದರ ಬೆನ್ನಿಗೇ ಸಿನಿಮಾ. 1956ರಲ್ಲಿ ಮೊದಲ ಪತಿ ರೋಜೆ ವಾದಿಂ ನಿರ್ದೇಶಿಸಿದ ‘ದೇವರು ಹೆಣ್ಣನ್ನು ಸೃಷ್ಟಿಸಿದ’ ಎಂಬ ಅರ್ಥದ ಹೆಸರಿನ ಚಿತ್ರ ತೆರೆಗೆ ಬಂದದ್ದೇ ಅವರ ಹೆಸರು ಅಟ್ಲಾಂಟಿಕ್ ಸಾಗರವನ್ನೂ ದಾಟಿತು. ಮುಂದೆ ಕ್ಲೂಜೊ, ಗೊದಾರ್, ಲೂಯಿ ಮಾಲ್ ಅವರಂಥ ದೊಡ್ಡ ನಿರ್ದೇಶಕರ ಚಿತ್ರಗಳಲ್ಲಿ ನಟಿಸಿದರು. ಒಟ್ಟು ನಲವತ್ತಕ್ಕೂ ಹೆಚ್ಚು ಚಿತ್ರಗಳು, ಜೊತೆಗೆ ಹಲವಾರು ಹಾಡುಗಳು. ಲೇಖಕಿ ಸಿಮೊನ್ ದ ಬೊವ್ವಾರ್ ಅವರ ಬಗ್ಗೆ ಪ್ರಬಂಧವನ್ನೇ ಬರೆದರು. ಫ್ರೆಂಚ್ ಗಣರಾಜ್ಯದ ಸಂಕೇತವಾದ ಮಾರಿಯಾನ್ ಎಂಬ ಸ್ತ್ರೀಮೂರ್ತಿಯನ್ನು ಶಿಲ್ಪಿಯೊಬ್ಬರು ಬಾರ್ದೊ ಅವರ ಮುಖವನ್ನೇ ಮಾದರಿಯಾಗಿಟ್ಟುಕೊಂಡು ರೂಪಿಸಿದರು. ಲೌಕಿಕರು ಬಯಸುವ ಯಶಸ್ಸಿನಲ್ಲಿ ಅವರಿಗೆ ಸಿಗದೆ ಉಳಿದದ್ದು ಕಡಿಮೆ.

ಆ ಯಶಸ್ಸಿನ ಒಳಗು ಮಾತ್ರ ಬೆಂದುಹೋಗಿತ್ತು. ಮನೆಯ ಬಾಗಿಲಲ್ಲಿ, ಸಮುದ್ರತೀರದಲ್ಲಿ, ಹೆರಿಗೆಯ ಹೊತ್ತಿನಲ್ಲಿಯೂ ಛಾಯಾಗ್ರಾಹಕರು ಅವರನ್ನು ಬಿಟ್ಟಿರಲಿಲ್ಲ. 1960ರಲ್ಲಿ, ಸರಿಯಾಗಿ ಇಪ್ಪತ್ತಾರನೆಯ ಹುಟ್ಟುಹಬ್ಬದ ದಿನ, ಅವರು ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕಿ ಉಳಿದರು. ಬೇಟೆಗಾರರು ಬೆನ್ನಟ್ಟಿದ ಪ್ರಾಣಿಯ ಸಂಕಟ ತಮಗೆ ಗೊತ್ತು ಎಂಬ ಅರ್ಥದ ಮಾತನ್ನು ಅವರು ಮುಂದೆ ಹೇಳಿದ್ದುಂಟು. ತನ್ನ ನೋವಿನಂತೆಯೇ ಇತರ ಜೀವಿಗಳ ನೋವು ಎಂದು ತಿಳಿಯುವುದು ಅಹಿಂಸೆಯ ಮೊದಲ ಪಾಠವೆಂದು ನಮ್ಮ ಆಗಮಗಳು ಮತ್ತೆ ಮತ್ತೆ ಹೇಳುತ್ತವೆ. ಬಾರ್ದೊ ಆ ಪಾಠವನ್ನು ಗ್ರಂಥದಿಂದ ಕಲಿಯಲಿಲ್ಲ, ಕೀರ್ತಿಯಿಂದ ಕಲಿತರು.

1962ರ ಜನವರಿಯಲ್ಲಿ, ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ, ಅವರು ಫ್ರಾನ್ಸಿನ ದೂರದರ್ಶನದ ಹೆಸರಾಂತ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡು ಕಸಾಯಿಖಾನೆಗಳ ಕ್ರೌರ್ಯದ ಬಗ್ಗೆ ಮಾತನಾಡಿದರು. ಪ್ರಾಣಿಗಳು ಎಚ್ಚರವಾಗಿರುವಾಗಲೇ ಅವುಗಳ ಕತ್ತು ಕುಯ್ಯುವ ಪದ್ಧತಿ ನಿಲ್ಲಲಿ, ಮೊದಲು ಪ್ರಜ್ಞೆ ತಪ್ಪಿಸುವ ಪಿಸ್ತೂಲಿನ ಬಳಕೆ ಕಡ್ಡಾಯವಾಗಲಿ ಎಂಬುದು ಅವರ ಬೇಡಿಕೆ. ಚೆಲುವಿಗೆ ಹೆಸರಾದ ನಟಿಯೊಬ್ಬಳು ರಕ್ತದ ಮಾತನಾಡಿದ್ದು ನೋಡುಗರಿಗೆ ವಿಚಿತ್ರವಾಗಿ ಕಂಡಿರಬೇಕು. ಅವರು ಅಲ್ಲಿಗೇ ಬಿಡಲಿಲ್ಲ; ಮಂತ್ರಿಯವರೆಗೂ ಹೋದರು. 1964ರಲ್ಲಿ ಫ್ರೆಂಚ್ ಸರ್ಕಾರ ಆ ನಿಯಮವನ್ನು ಜಾರಿಗೆ ತಂದಿತು. ಅದೇ ಕಾಲದಲ್ಲಿ ಅವರು ಮಾಂಸಾಹಾರವನ್ನೂ ತೊರೆದರು.

ಪ್ರಜ್ಞೆ ತಪ್ಪಿಸಿ ಕೊಂದರೆ ಅದು ಕೊಲೆಯಾಗದೇ ಹೋಗುತ್ತದೆಯೇ ಎಂದು ಶ್ರಾವಕರು ಕೇಳುವುದು ನ್ಯಾಯವೇ. ಖಂಡಿತ ಆಗುತ್ತದೆ. ಆದರೆ ನಮ್ಮ ಆಚಾರ್ಯರು ಗೃಹಸ್ಥನಿಗೆ ದೇಶವಿರತಿಯನ್ನು, ಅಂದರೆ ಆಂಶಿಕ ತ್ಯಾಗವನ್ನು ವಿಧಿಸಿದ್ದಾರೆ, ಸರ್ವವಿರತಿ ಮುನಿಗಳದು. ಪೂರ್ತಿ ಬಿಡಲಾಗದವನು ಬಿಡಬಲ್ಲಷ್ಟನ್ನು ಇಂದೇ ಬಿಡಲಿ ಎಂಬ ವಿವೇಕ ಅಣುವ್ರತಗಳ ಹಿಂದಿದೆ. ಹಸುವಿನ ಕೊನೆಯ ಕೆಲವು ನಿಮಿಷಗಳ ಯಾತನೆ ಕಡಿಮೆಯಾಗುವುದೆಂದರೆ, ಆ ಹಸುವಿಗೆ ಅದು ಅಲ್ಪವಲ್ಲ.

ಬದುಕಿನ ನಿರ್ಣಾಯಕ ತಿರುವು ಬಂದದ್ದು 1973ರಲ್ಲಿ. ಮಧ್ಯಯುಗದ ಕಥೆಯಿದ್ದ ಚಿತ್ರವೊಂದರ ಹೊರಾಂಗಣ ಚಿತ್ರೀಕರಣ ನಡೆದಿತ್ತು. ದೃಶ್ಯದಲ್ಲಿ ಗುಂಪಿನೊಡನೆ ನಿಲ್ಲಲು ಬಂದಿದ್ದ ಹಳ್ಳಿಯ ಮುದುಕಿಯೊಬ್ಬಳ ಜೊತೆಗೆ ಒಂದು ಆಡಿತ್ತು. ಕೆಲಸ ಬೇಗ ಮುಗಿಸಿ ಎಂದು ಆಕೆ ಅವಸರಪಡಿಸುತ್ತಿದ್ದಳು. ಮೊಮ್ಮಗನ ಧರ್ಮಸಂಸ್ಕಾರದ ಔತಣ ಹತ್ತಿರವಾಗಿತ್ತು. ಆ ಔತಣಕ್ಕೆ ಆಡನ್ನು ಕೊಯ್ಯಬೇಕಾಗಿತ್ತು. ಬಾರ್ದೊ ಆ ಆಡನ್ನು ಅಲ್ಲಿಯೇ ಕೊಂಡುಕೊಂಡರು. ತಾವು ಇಳಿದುಕೊಂಡಿದ್ದ ದೊಡ್ಡ ಹೋಟೆಲಿನ ತಮ್ಮ ಕೋಣೆಗೇ ಅದನ್ನು ಕರೆದೊಯ್ದರು. ಅಲ್ಲಿನ ಸಿಬ್ಬಂದಿ ಬೆಚ್ಚಿಬಿದ್ದದ್ದನ್ನು ಬೇರೆ ಹೇಳಬೇಕಿಲ್ಲ. ಇನ್ನು ಈ ವೃತ್ತಿ ಸಾಕು ಎಂದು ನಿಶ್ಚಯಿಸಿದ್ದು ಆ ಹೊತ್ತಿನಲ್ಲಿ ಎಂದು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಆಮೇಲೆ ಐವತ್ತು ವರ್ಷಗಳಿಗೂ ಮಿಕ್ಕಿ ಬದುಕಿದರು, ಮತ್ತೆ ಬಣ್ಣ ಹಚ್ಚಲಿಲ್ಲ.

ತೀರ್ಥಂಕರರ ವೈರಾಗ್ಯಕ್ಕೂ ನಟಿಯ ನಿವೃತ್ತಿಗೂ ಹೋಲಿಕೆ ಕಟ್ಟುವುದು ನನ್ನ ಉದ್ದೇಶವಲ್ಲ. ನೇಮಿನಾಥ ಸ್ವಾಮಿ ತೊರೆದದ್ದು ಸಂಸಾರವನ್ನು, ನಡೆದದ್ದು ಮೋಕ್ಷಮಾರ್ಗದಲ್ಲಿ. ಬಾರ್ದೊ ಸಂಸಾರವನ್ನೇನೂ ಬಿಡಲಿಲ್ಲ. ನಾಲ್ಕನೆಯ ಮದುವೆಯಾದದ್ದು 1992ರಲ್ಲಿ. ಔತಣಕ್ಕೆಂದು ಕಟ್ಟಿದ ಪ್ರಾಣಿಯ ಮುಂದೆ ಒಂದು ಹೃದಯ ನಿಂತುಬಿಟ್ಟ ಆ ಗಳಿಗೆಯನ್ನು ಕಂಡಾಗ ಮಾತ್ರ ಗಿರಿನಾರಿನ ದಾರಿ ನೆನಪಾಗದೇ ಇರದು.

1977ರಲ್ಲಿ ಅವರು ಸ್ವಿಟ್ಜರ್ಲೆಂಡಿನ ಪರಿಸರ ಹೋರಾಟಗಾರ ಫ್ರಾಂಜ್ ವೇಬರ್ ಅವರೊಡನೆ ಕೆನಡಾದ ಹಿಮಗಡ್ಡೆಗಳ ಮೇಲೆ ಹೋಗಿ ನಿಂತರು. ಸೀಲ್ ಎಂಬ ಕಡಲಪ್ರಾಣಿಯ ಮರಿಗಳ ಮೈಮೇಲೆ ಹುಟ್ಟಿನಿಂದ ಎರಡು ಮೂರು ವಾರ ಅಚ್ಚಬಿಳಿಯ ತುಪ್ಪಳವಿರುತ್ತದೆ. ಆ ತುಪ್ಪಳದ ಕೋಟುಗಳಿಗೆ ಯೂರೋಪಿನ ಸಿರಿವಂತರಲ್ಲಿ ಬೇಡಿಕೆ. ಹಾಗಾಗಿ ಇನ್ನೂ ಈಜಲೂ ಕಲಿಯದ ಮರಿಗಳನ್ನು ತಾಯಿಯ ಕಣ್ಣೆದುರಿಗೇ ದೊಣ್ಣೆಯಿಂದ ಹೊಡೆದು ಕೊಲ್ಲುತ್ತಿದ್ದರು. ಬಾರ್ದೊ ಒಂದು ಮರಿಯನ್ನು ಅಪ್ಪಿಕೊಂಡು ಹಿಮದ ಮೇಲೆ ಮಲಗಿದ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ತಮ್ಮ ಬದುಕನ್ನು ಸುಟ್ಟ ಅದೇ ಕ್ಯಾಮೆರಾವನ್ನು ಅವರು ಈ ಬಾರಿ ಮೂಕಪ್ರಾಣಿಯ ಕೆಲಸಕ್ಕೆ ಹಚ್ಚಿದ್ದರು. ಅವರೊಬ್ಬರಿಂದಲೇ ಎಲ್ಲವೂ ಆಯಿತೆಂದಲ್ಲ, ಹಲವು ಸಂಘಟನೆಗಳು ದುಡಿದಿದ್ದವು. ಅಂತೂ 1983ರಲ್ಲಿ ಯೂರೋಪಿನ ಆರ್ಥಿಕ ಸಮುದಾಯ ಆ ಮರಿಗಳ ಚರ್ಮದ ಆಮದನ್ನು ನಿಷೇಧಿಸಿತು. 1987ರಲ್ಲಿ ಕೆನಡಾ ಬಿಳಿಮರಿಗಳ ವಾಣಿಜ್ಯ ಬೇಟೆಯನ್ನು ನಿಲ್ಲಿಸಿತು.

ಇನ್ನು ಅಪರಿಗ್ರಹದ ಮಾತು. ಅಹಿಂಸೆಯ ಬಗ್ಗೆ ಮಾತನಾಡುವವರು ಬಹಳ, ಅದಕ್ಕಾಗಿ ಕೈಬಿಚ್ಚುವವರು ವಿರಳ. 1986ರಲ್ಲಿ ಬಾರ್ದೊ ತಮ್ಮ ಹೆಸರಿನ ಪ್ರಾಣಿರಕ್ಷಣಾ ಪ್ರತಿಷ್ಠಾನವನ್ನು ಆರಂಭಿಸಿದರು. ಅದು ಕಾನೂನಿನ ಮುಂದೆ ನಿಲ್ಲಬೇಕಾದರೆ 30 ಲಕ್ಷ ಫ್ರಾಂಕ್ ಮೂಲಧನ ಬೇಕಿತ್ತು. 1987ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಹರಾಜು ನಡೆಯಿತು. ಮದುವೆಯ ಉಡುಪು, ಆಭರಣಗಳು, ಅಭಿನಯದ ದಿನಗಳ ನೆನಪಿನ ವಸ್ತುಗಳು – ಎಲ್ಲವನ್ನೂ ಮಾರಿದರು. ಯೌವನವನ್ನೂ ಚೆಲುವನ್ನೂ ಗಂಡಸರಿಗೆ ಕೊಟ್ಟದ್ದಾಯಿತು, ಇನ್ನು ತಿಳಿವಳಿಕೆಯನ್ನೂ ಅನುಭವವನ್ನೂ ಪ್ರಾಣಿಗಳಿಗೆ ಕೊಡುತ್ತೇನೆ ಎಂಬ ಅವರ ಮಾತು ಆಗ ಪ್ರಸಿದ್ಧವಾಯಿತು. ಪ್ರತಿಷ್ಠಾನಕ್ಕೆ ಸಾರ್ವಜನಿಕ ಉಪಯೋಗದ ಸಂಸ್ಥೆಯೆಂಬ ಮನ್ನಣೆ ದೊರೆಯಲು ಅಷ್ಟೂ ಸಾಲದೆಹೋದಾಗ, 1958ರಲ್ಲಿ ಕೊಂಡಿದ್ದ ಸಾಂ ತ್ರೊಪೆಯ ಕಡಲಂಚಿನ ಮನೆ ‘ಲಾ ಮದ್ರಾಗ್’ ಅನ್ನೇ ಅದರ ಹೆಸರಿಗೆ ಬರೆದುಕೊಟ್ಟರು. 1992ರಲ್ಲಿ ಮನ್ನಣೆ ಸಿಕ್ಕಿತು.

ಪ್ರತಿಷ್ಠಾನದ ಕೆಲಸಗಳನ್ನು ನೋಡುವಾಗ ತತ್ತ್ವಾರ್ಥಸೂತ್ರ ಹೇಳುವ ಅಹಿಂಸಾಣುವ್ರತದ ಅತಿಚಾರಗಳು ನೆನಪಿಗೆ ಬರುತ್ತವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು. ಕೊಲ್ಲದಿದ್ದರೂ ವ್ರತಕ್ಕೆ ಕಲೆ ತರುವ ದೋಷಗಳು ಇವು. ಬಲ್ಗೇರಿಯಾದಲ್ಲಿ ಕರಡಿಯ ಮೂಗಿಗೆ ಬಳೆ ತೂರಿಸಿ, ಸರಪಳಿ ಬಿಗಿದು ಬೀದಿಯಲ್ಲಿ ಕುಣಿಸುವ ಪದ್ಧತಿಯಿತ್ತು. ಬಂಧ, ವಧ, ಛೇದಗಳು ಒಂದೇ ಜೀವದ ಮೇಲೆ! ಪ್ರತಿಷ್ಠಾನವು ಇನ್ನೊಂದು ಸಂಸ್ಥೆಯ ಜೊತೆಗೂಡಿ ಬೆಲಿತ್ಸಾ ಎಂಬಲ್ಲಿ ಆ ಕರಡಿಗಳಿಗೆ ಕಾಡಿನ ನೆಲೆ ಕಲ್ಪಿಸಿತು. ಕರಡಿ ಆಡಿಸುವ ಬಡವರಿಗೆ ಪರಿಹಾರಧನವನ್ನೂ ಕೊಡಲಾಯಿತು. ರೊಮೇನಿಯಾದ ರಾಜಧಾನಿಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಚಿಕಿತ್ಸೆ ಮಾಡಿಸಲು ಬಾರ್ದೊ ಹಣ ಒದಗಿಸಿದರು.

ಲೇಖನವನ್ನು ಇಲ್ಲಿಗೇ ನಿಲ್ಲಿಸಿದರೆ ಹಿತವಾಗಿರುತ್ತಿತ್ತು. ಅದು ಸತ್ಯಾಣುವ್ರತಕ್ಕೆ ತಕ್ಕ ನಡೆಯಲ್ಲ.

1964ರ ಆ ನಿಯಮದಲ್ಲಿ ಧಾರ್ಮಿಕ ವಿಧಿಯ ವಧೆಗೆ ವಿನಾಯಿತಿಯಿತ್ತು. ಆ ವಿನಾಯಿತಿಯನ್ನು ವಿರೋಧಿಸುತ್ತಾ ಹೋದಂತೆ ಬಾರ್ದೊ ಅವರ ಮಾತು ವಧೆಯನ್ನು ಬಿಟ್ಟು ಜನರ ಮೇಲೆ ತಿರುಗಿತು. ಬಕ್ರೀದ್ ಹಬ್ಬದ ನೆಪದಲ್ಲಿ ಫ್ರಾನ್ಸಿನ ಮುಸ್ಲಿಮರನ್ನೆಲ್ಲ ಒಟ್ಟಾಗಿ ನಿಂದಿಸಿದರು. 1997ರಿಂದ 2008ರವರೆಗೆ ಐದು ಬಾರಿ ನ್ಯಾಯಾಲಯ ಅವರನ್ನು ಜನಾಂಗದ್ವೇಷ ಪ್ರಚೋದನೆಯ ಅಪರಾಧಿಯೆಂದಿತು. 2008ರ ದಂಡ 15,000 ಯೂರೊ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಪ್ರಾಣಿಗಳಿಗಾಗುವ ಹಿಂಸೆಯ ಬಗ್ಗೆ 2019ರಲ್ಲಿ ಅಲ್ಲಿನ ಅಧಿಕಾರಿಗೆ ಬರೆದ ಪತ್ರದಲ್ಲಿ ದ್ವೀಪದ ಜನರನ್ನೇ ಹೀನಾಯವಾಗಿ ಜರಿದರು. ತಮಿಳು ಮೂಲದವರ ಹಬ್ಬಗಳಲ್ಲಿ ನಡೆಯುವ ಆಡಿನ ಬಲಿಯೂ ಆ ಪತ್ರದ ವಿಷಯವಾಗಿತ್ತು. ಅದಕ್ಕೆ 2021ರಲ್ಲಿ 20,000 ಯೂರೊ ದಂಡ ಬಿತ್ತು. 1996ರ ಆತ್ಮಕಥೆಯಲ್ಲಿ ಮಾಜಿ ಪತಿಯ ಬಗ್ಗೆ, ತಮ್ಮ ಒಬ್ಬನೇ ಮಗನನ್ನು ಹೊತ್ತ ದಿನಗಳ ಬಗ್ಗೆ ಬರೆದ ಕಟುವಾದ ಮಾತುಗಳಿಗೆ ಆ ಇಬ್ಬರೂ ನ್ಯಾಯಾಲಯದ ಮೆಟ್ಟಿಲೇರಿ ಪರಿಹಾರ ಪಡೆದರು. ಗಂಡಹೆಂಡಿರ ಏಕಾಂತದ ಸಂಗತಿಯನ್ನು ಬಯಲು ಮಾಡುವುದು, ರಹೋಭ್ಯಾಖ್ಯಾನ, ಸತ್ಯಾಣುವ್ರತದ ಅತಿಚಾರಗಳಲ್ಲಿ ಒಂದೆಂದು ಬಲ್ಲವರು ಬಲ್ಲರು.

ಜನ್ನನ ಯಶೋಧರ ಚರಿತೆಯನ್ನು ಇಲ್ಲಿ ನೆನೆಯಬೇಕು. 1209ರ ಆ ಕಾವ್ಯದಲ್ಲಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ನಿಜವಾದ ಕೋಳಿಯನ್ನು ಬಲಿಕೊಡುವುದಿಲ್ಲ, ಹಿಟ್ಟಿನ ಕೋಳಿಯನ್ನು ಕೊಯ್ಯುತ್ತಾರೆ. ಒಂದು ತೊಟ್ಟು ರಕ್ತವೂ ನೆಲಕ್ಕೆ ಬೀಳುವುದಿಲ್ಲ. ಆದರೂ ಆ ಸಂಕಲ್ಪಹಿಂಸೆ ಅವರನ್ನು ಜನ್ಮಜನ್ಮಾಂತರ ಪ್ರಾಣಿಯೋನಿಗಳಲ್ಲಿ ಅಲೆಸುತ್ತದೆ. ಕೈಯ ಹಿಂಸೆಯೊಂದೇ ಹಿಂಸೆಯಲ್ಲ, ಭಾವದ ಹಿಂಸೆ ಅದಕ್ಕೂ ಮೊದಲಿನದು ಎಂಬುದನ್ನು ಕನ್ನಡದಲ್ಲಿ ಇದಕ್ಕಿಂತ ತೀಕ್ಷ್ಣವಾಗಿ ಹೇಳಿದ ಕೃತಿ ನನಗೆ ತಿಳಿದಂತೆ ಇನ್ನೊಂದಿಲ್ಲ. ಆಡಿನ ಕೊರಳನ್ನು ಉಳಿಸಿದ ಅದೇ ಬಾರ್ದೊ ಮಾತಿನಿಂದ ಎಷ್ಟೋ ಮನುಷ್ಯರ ಮನಸ್ಸನ್ನು ಇರಿದರು. ಒಂದರ ಪುಣ್ಯದಿಂದ ಇನ್ನೊಂದನ್ನು ಕಳೆದು ಲೆಕ್ಕ ಸರಿಮಾಡುವ ವ್ಯಾಪಾರ ನಮ್ಮ ಕರ್ಮಸಿದ್ಧಾಂತದಲ್ಲಿಲ್ಲ. ಎರಡೂ ತಮ್ಮ ತಮ್ಮ ಫಲವನ್ನು ಕೊಡುತ್ತವೆ.

ಕೊರತೆ ಎಲ್ಲಿತ್ತು? ಉಮಾಸ್ವಾಮಿಗಳು ವ್ರತಿಗೆ ನಾಲ್ಕು ಭಾವನೆಗಳನ್ನು ಹೇಳುತ್ತಾರೆ. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣದಲ್ಲಿ ಹಿರಿಯರಾದವರಲ್ಲಿ ಪ್ರಮೋದ, ಸಂಕಟಪಡುವವರಲ್ಲಿ ಕಾರುಣ್ಯ. ನಾಲ್ಕನೆಯದು ಮಾಧ್ಯಸ್ಥ್ಯ, ತಿದ್ದಿದರೂ ತಿದ್ದಿಕೊಳ್ಳದ ಅವಿನೇಯರ ವಿಷಯದಲ್ಲಿ ರಾಗವೂ ದ್ವೇಷವೂ ಇಲ್ಲದೆ ಇರುವುದು. ಮೊದಲ ಮೂರನ್ನು ನಾವು ಬಾಯಿತುಂಬ ಹೇಳುತ್ತೇವೆ. ನಾಲ್ಕನೆಯದು ಬಂದಾಗ ಧ್ವನಿ ತಗ್ಗುತ್ತದೆ. ಕಾರಣ ಸ್ಪಷ್ಟ. ನೋಯುತ್ತಿರುವ ಕರುವಿನ ಮೇಲೆ ಕರುಣೆ ಹುಟ್ಟುವುದು ಸುಲಭ, ನೋಯಿಸುತ್ತಿರುವವನ ಎದುರು ಸಮಭಾವದಿಂದ ನಿಲ್ಲುವುದು ಕಷ್ಟ. ಕರುಣೆ ಎಷ್ಟು ತೀವ್ರವೋ ಕೋಪವೂ ಅಷ್ಟೇ ತೀವ್ರವಾಗಿ ಅದರ ಬಾಲ ಹಿಡಿದು ಬರುತ್ತದೆ. ಮಾಧ್ಯಸ್ಥ್ಯವೆಂದರೆ ಸುಮ್ಮನಿರುವುದಲ್ಲ. ಬಲಿಯನ್ನು ವಿರೋಧಿಸಬಹುದು, ಕಾನೂನು ಕೇಳಬಹುದು, ಕೈಹಿಡಿದು ತಡೆಯಲೂಬಹುದು; ಬಲಿ ಕೊಡುವವನನ್ನು ದ್ವೇಷಿಸುವಂತಿಲ್ಲ. ಯಶೋಧರ ಚರಿತೆಯಲ್ಲೇ ನೋಡಿ. ನರಬಲಿಗೆಂದು ಹಿಡಿದು ತಂದ ಎಳೆಯರಾದ ಅಭಯರುಚಿ, ಅಭಯಮತಿಯರು ಮಾರಿದತ್ತ ರಾಜನನ್ನು ಬೈಯುವುದಿಲ್ಲ. ಕತ್ತಿ ಹಿಡಿದು ನಿಂತವನಿಗೆ ತಮ್ಮ ಕಥೆ ಹೇಳುತ್ತಾರೆ. ಬಲಿ ನಿಲ್ಲುವುದು ಹಾಗೆ.

ಅನೇಕಾಂತದ ದೃಷ್ಟಿಯಿಂದ ಇನ್ನೊಂದು ಮಾತು ಹೇಳಬೇಕಿದೆ. ಉತ್ತರಧ್ರುವದ ಸೀಮೆಯ ಇನ್ಯುಯಿಟ್ ಜನರು ತಲೆತಲಾಂತರದಿಂದ ಸೀಲ್ ಬೇಟೆಯನ್ನೇ ನಂಬಿ ಬದುಕಿದವರು. ಅಲ್ಲಿ ಪೈರು ಬೆಳೆಯುವುದಿಲ್ಲ. ಅವರ ಬೇಟೆ ಬಿಳಿಮರಿಗಳದಲ್ಲ, ಬೆಳೆದ ಬೇರೆ ಜಾತಿಯ ಸೀಲ್‌ಗಳದು. ಆದರೆ 1983ರ ನಿಷೇಧದಿಂದ ಚರ್ಮದ ಮಾರುಕಟ್ಟೆಯೇ ಕುಸಿದಾಗ ಅವರ ಮನೆಗಳಲ್ಲಿ ಕಡುಬಡತನ ಬಂತು. 2009ರಲ್ಲಿ ಯೂರೋಪು ಸೀಲ್ ಪದಾರ್ಥಗಳೆಲ್ಲವನ್ನೂ ನಿರ್ಬಂಧಿಸಿದಾಗ ಇನ್ಯುಯಿಟ್ ಜನರ ಬೇಟೆಗೆ ವಿನಾಯಿತಿ ಕೊಟ್ಟಿತು. ಮರಿಗಳನ್ನು ಉಳಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬೆಲಿತ್ಸಾದ ಕರಡಿಯ ಜೊತೆಗೆ ಕರಡಿಯವನ ಹೊಟ್ಟೆಯೂ ನೆನಪಾದ ಹಾಗೆ ಎಲ್ಲ ಕಡೆಯೂ ನೆನಪಾಗಲಿಲ್ಲ ಎಂದಷ್ಟೇ. ನಮ್ಮ ದೇಶದಲ್ಲಿಯೂ ಕುಣಿಸುವ ಕರಡಿಗಳನ್ನು ಬಿಡಿಸಿ ಬೆಂಗಳೂರಿನ ಬನ್ನೇರುಘಟ್ಟ ಮೊದಲಾದೆಡೆ ಆಶ್ರಯ ಕೊಟ್ಟವರು, ಅವುಗಳನ್ನು ಆಡಿಸುತ್ತಿದ್ದ ಕಲಂದರ ಕುಟುಂಬಗಳಿಗೆ ಬೇರೆ ಜೀವನೋಪಾಯದ ದಾರಿ ತೋರಿಸಿದರು. ಆ ಕೆಲಸ ಯಶಸ್ವಿಯಾಗಿದ್ದು ಅದರಿಂದ.

ಬಾರ್ದೊ ಅವರ ದೋಷವನ್ನು ಎಣಿಸುವಾಗ ನಮ್ಮ ಮನೆಯ ಜಗಲಿಯನ್ನೂ ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವ, ನೀರನ್ನು ಸೋಸಿ ಕುಡಿಯುವ, ಗೆಡ್ಡೆಗೆಣಸು ಮುಟ್ಟದ ನಾವು, ಬೇರೆ ಆಹಾರ ಉಣ್ಣುವವರ ಬಗ್ಗೆ ಯಾವ ಪದಗಳನ್ನು ಬಳಸುತ್ತೇವೆ? ಅವರಿಗೆ ಮನೆ ಬಾಡಿಗೆಗೆ ಕೊಡುವಾಗ, ಅವರ ಮಕ್ಕಳು ನಮ್ಮ ಮಕ್ಕಳೊಡನೆ ಕೂತು ಡಬ್ಬಿ ಬಿಚ್ಚುವಾಗ ನಮ್ಮ ಮುಖದಲ್ಲಿ ಏನು ಕಾಣುತ್ತದೆ? ದಶಲಕ್ಷಣ ಪರ್ವದ ಕೊನೆಗೆ ಕ್ಷಮಾವಣಿಯಂದು ಸಕಲ ಜೀವಿಗಳ ಕ್ಷಮೆ ಕೇಳುತ್ತೇವೆ. ಆ ಸಕಲದೊಳಗೆ ಆಚೆಬೀದಿಯ ಮಾಂಸದಂಗಡಿಯವನೂ ಇದ್ದಾನೆಂಬುದು ಎಷ್ಟು ಜನರಿಗೆ ನೆನಪಿರುತ್ತದೆಯೋ.

ಲಾ ಮದ್ರಾಗ್ ಮನೆಯನ್ನು ಪ್ರತಿಷ್ಠಾನಕ್ಕೆ ಬರೆದುಕೊಟ್ಟಾಗ ಬಾರ್ದೊ ತಮಗೆ ಉಳಿಸಿಕೊಂಡದ್ದು ಜೀವವಿರುವವರೆಗೆ ಅಲ್ಲಿ ವಾಸಿಸುವ ಹಕ್ಕನ್ನು ಮಾತ್ರ. ಮೂವತ್ತಕ್ಕೂ ಹೆಚ್ಚು ವರ್ಷ ಅವರು ಒಡೆತನ ಬಿಟ್ಟುಕೊಟ್ಟ ಆ ಮನೆಯಲ್ಲಿ, ನಾಯಿ ಬೆಕ್ಕುಗಳ ನಡುವೆ ಬದುಕಿದರು, ಅಲ್ಲಿಯೇ ಕಣ್ಣುಮುಚ್ಚಿದರು. ಪ್ರತಿಷ್ಠಾನ ತನ್ನ ಕೆಲಸ ಮುಂದುವರಿಸಿದೆ.